ಮೇಷ್ಟ್ರ ಮುದ್ದೆ ಮತ್ತು ಹಿಗ್ಸ್ ಕಣದ ನಂಟು

ತಿಪಟೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳಲು ಸೇರಿದಾಗ ನನಗೆ ಇಪ್ಪತ್ನಾಲ್ಕು ವರ್ಷ. ಎಂಬತ್ತರ ದಶಕ ಅರ್ಧ ಕಳೆದಿತ್ತು. ನಮ್ಮೂರು ಚಿಕ್ಕನಾಯಕನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡಬಹುದಿತ್ತು. ಆದರೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂಬುದು ಬಸ್ಸಿಗೇ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಅಪ್ಪ ತಮಗೆ ಪರಿಚಯವಿದ್ದ ಒಂದು ಮನೆಯಲ್ಲಿ ನನ್ನನ್ನು ಬಿಟ್ಟು ಹೋದರು. ಆ ಮನೆಯ ಯಜಮಾನರು ಆ ವರ್ಷವೇ ಮಿಡ್ಲ್ ಸ್ಕೂಲಿನಿಂದ ನಿವೃತ್ತರಾಗಿದ್ದರು. ಊರೆಲ್ಲ ಕರೆಯುವಂತೆ ನಾನೂ ಅವರನ್ನು ಮೇಷ್ಟ್ರು ಎಂದೇ ಕರೆದೆ. ಅವರ ಹೆಂಡತಿಯನ್ನು ದೊಡ್ಡಮ್ಮ ಎಂದೆ. ಹೆಣ್ಣುಮಕ್ಕಳಿಬ್ಬರನ್ನೂ ಮದುವೆ ಮಾಡಿ ಕಳಿಸಿದ್ದ ದೊಡ್ಡಮ್ಮನಿಗೆ ಮಾತಾಡಲು ಒಂದು ಜೀವ ಬೇಕಿತ್ತು. ನಾನು ಸಿಕ್ಕಿದೆ.

ಆ ಮನೆಗೆ ಕಾಲಿಟ್ಟ ಮೊದಲ ವಾರದಲ್ಲೇ ನನಗೆ ಎರಡು ನಿಯಮಗಳು ತಿಳಿದವು. ಒಂದು, ಮೇಷ್ಟ್ರಿಗೆ ಮಧ್ಯಾಹ್ನ ಮೂರು ಮುದ್ದೆ ಬೇಕು. ಎರಡು, ಮೇಷ್ಟ್ರ ಅಣ್ಣನ ಹೆಸರನ್ನು ಆ ಮನೆಯಲ್ಲಿ ಎತ್ತಬಾರದು.

ಅಣ್ಣತಮ್ಮಂದಿರ ತೋಟಗಳು ಹಾಲ್ಕುರಿಕೆ ಕಡೆಗೆ ಹೋಗುವ ದಾರಿಯಲ್ಲಿ ಅಕ್ಕಪಕ್ಕದಲ್ಲೇ ಇದ್ದವು. ಪಾಲಾದಾಗ ಒಂದು ತೆಂಗಿನ ಮರ ಬೇಲಿಯ ಮೇಲೆ ಉಳಿದುಬಿಟ್ಟಿತು. ಬುಡ ಅಣ್ಣನ ಕಡೆ. ತಲೆ ವಾಲಿದ್ದು ತಮ್ಮನ ಕಡೆ. ಕಾಯಿ ಯಾರವು ಎಂಬ ಮಾತು ಬೆಳೆದು, ಹನ್ನೊಂದು ವರ್ಷದ ಹಿಂದೆ ಒಂದು ದಿನ ಮೇಷ್ಟ್ರು ನಾಲ್ಕು ಜನ ಹಿರಿಯರ ಮುಂದೆ, "ಇವನ ಮನೇಲಿ ಒಂದು ತೊಟ್ಟು ನೀರು ಕುಡಿದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದೋನೇ ಅಲ್ಲ" ಅಂದುಬಿಟ್ಟರು. ಅದೇ ಅಪ್ಪನಿಗೆ ಹುಟ್ಟಿದ್ದ ಅಣ್ಣನೂ ಅಷ್ಟೇ ಜೋರಾಗಿ ಅದನ್ನೇ ಅಂದರು. ಆಮೇಲೆ ಹಿರಿಯರು ಪ್ರತಿ ವರ್ಷ ರಾಜಿ ಮಾಡಿಸಲು ಬರುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ಗಂಡನ ಮಾತು ತನ್ನ ಮಾತು ಎಂದುಕೊಂಡಿದ್ದ ದೊಡ್ಡಮ್ಮ ಭಾವನ ಮನೆಯ ಬೀದಿಯಲ್ಲಿ ನಡೆಯುವುದನ್ನೂ ಬಿಟ್ಟಿದ್ದರು.

ದಸರಾ ರಜೆ ಮುಗಿದ ಮೇಲೆ, ಮೈಸೂರಿನಲ್ಲಿ ನನಗೆ ಎಂ.ಎಸ್ಸಿ. ಪಾಠ ಹೇಳಿದ್ದ ಪ್ರೊಫೆಸರರಿಂದ ಒಂದು ಕಾಗದ ಬಂತು. ತುಮಕೂರಿನಲ್ಲಿ ಜಿಲ್ಲೆಯ ಭೌತಶಾಸ್ತ್ರ ಅಧ್ಯಾಪಕರು ಸೇರುತ್ತಾರೆ, ನೀನು ಒಂದು ಗಂಟೆ ಮಾತಾಡಬೇಕು, ವಿಷಯ ಹಿಗ್ಸ್ ಬೋಸಾನಿನ ವಿಚಿತ್ರ ನಂಟುಗಳು ಎಂದು ಬರೆದಿದ್ದರು. ಅದೂ ಕನ್ನಡದಲ್ಲಿ! ಆಗ ಆ ಕಣವನ್ನು ಯಾರೂ ಕಂಡಿರಲಿಲ್ಲ. ಕಾಗದದ ಮೇಲಷ್ಟೇ ಇತ್ತು. ಕಾಣದ ಕಣಕ್ಕೆ ನಂಟು ಬೇರೆ, ಆ ನಂಟಿನಲ್ಲಿ ವೈಚಿತ್ರ್ಯ ಬೇರೆ. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು, ಇದನ್ನು ಹೇಗಪ್ಪಾ ಹೇಳಲಿ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಹೊಡೆದು ಹಾಕುತ್ತಿದ್ದೆ.

"ಅದೇನವ್ವಾ, ಬರಿಯಾದು ಒಂದು ಸಾಲು, ಹೊಡಿಯಾದು ಎರಡು ಸಾಲು?" ಎಂದರು ದೊಡ್ಡಮ್ಮ, ರಾಗಿಹಿಟ್ಟು ಜರಡಿ ಹಿಡಿಯುತ್ತಾ.

ನಾನು ಅವರ ಮೇಲೇ ಪ್ರಯೋಗ ಮಾಡಿದೆ. ಈ ಜಗತ್ತಿನ ತುಂಬ ಕಣ್ಣಿಗೆ ಕಾಣದ ಏನೋ ಒಂದು ಹರಡಿಕೊಂಡಿದೆ, ಸಣ್ಣ ಸಣ್ಣ ಕಣಗಳಿಗೆ ತೂಕ ಬರುವುದೇ ಅದರ ಸಹವಾಸದಿಂದ ಎಂದೆ. ಯಾವುದಕ್ಕೆ ಅದರ ಜೊತೆ ನಂಟು ಹೆಚ್ಚೋ ಅದು ಭಾರ, ನಂಟು ಕಡಿಮೆಯೋ ಹಗುರ. ಆ ಹರಡಿಕೊಂಡದ್ದು ಒಮ್ಮೆ ಅಲುಗಿದರೆ ಏಳುವ ಅಲೆಯೇ ಹಿಗ್ಸ್ ಕಣ. ಒಂದೊಂದರ ತೂಕ ನಮಗೆ ಗೊತ್ತಿರುವುದರಿಂದ, ಹಿಗ್ಸ್‌ಗೆ ಯಾವುದರ ಜೊತೆ ನಂಟು ಎಷ್ಟಿರಬೇಕು ಎಂದು ಮೊದಲೇ ಹೇಳಬಹುದು.

"ಹೇಳ್ದಂಗೇ ಇರ್ತದಾ?"

"ಅದೇ ದೊಡ್ಡಮ್ಮ ಪ್ರಶ್ನೆ. ಹೇಳಿದ ಹಾಗೆ ಇಲ್ಲದೆ, ಒಂದರ ಜೊತೆ ನಂಟು ಕಡಿಮೆ ಬಂತು ಅಂತಿಟ್ಕೊಳ್ಳಿ. ಆಗ ನಮಗೆ ಗೊತ್ತಿಲ್ಲದ ಇನ್ನೊಂದು ಹಿಗ್ಸ್ ಎಲ್ಲೋ ಕೂತು ಆ ಪಾಲನ್ನ ತಗೊಳ್ತಾ ಇದೆ ಅಂತ ಅರ್ಥ ಇರಬಹುದು. ಇನ್ನೊಂದನ್ನ ನಾವು ಕಂಡಿರೋದಿಲ್ಲ. ಆದರೆ ಮೊದಲನೇದು ತನ್ನ ಪಾಲು ಕಡಿಮೆ ಮಾಡಿಕೊಂಡಿದ್ದರಿಂದ ಅದು ಸಿಕ್ಕಿಬೀಳುತ್ತೆ."

ದೊಡ್ಡಮ್ಮನ ಕೈಯಲ್ಲಿದ್ದ ಜರಡಿ ನಿಂತಿತು. "ಇನ್ನೊಂದ್ ಕಿತ ಹೇಳವ್ವ."

ಇನ್ನೊಂದು ಸಲ ಹೇಳಿದೆ. ಅವರು ಜರಡಿಯನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. "ನಿಮ್ಮ ಮೇಷ್ಟ್ರು ಮೂರು ಮುದ್ದೆಯಿಂದ ಒಂದಕ್ಕೆ ಬಂದು ಇಪ್ಪತ್ತು ದಿನ ಆಯ್ತು ಕಣಮ್ಮ."

ನಾನೂ ಗಮನಿಸಿದ್ದೆ. ರಜೆಗೆ ಮುಂಚೆ ಮೂರು ಮುದ್ದೆ ನುಂಗಿ ಎದ್ದು ಹೋಗುತ್ತಿದ್ದವರು, ಈಗ ಬೆಳಿಗ್ಗೆ ತೋಟಕ್ಕೆ ಹೋಗಿ ಒಂದೂವರೆಗೆ ಬಂದು, ಒಂದನ್ನು ತಟ್ಟೆಯಲ್ಲಿ ಹೊರಳಾಡಿಸಿ ಮುಗಿಸುತ್ತಿದ್ದರು. ದೊಡ್ಡಮ್ಮ ಮೊದಲು ಕಾಯಿಲೆ ಎಂದು ಹೆದರಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಡಾಕ್ಟರು ಎಲ್ಲ ನೋಡಿ, ಇವರು ಇನ್ನೂ ಮೂವತ್ತು ವರ್ಷ ಪಾಠ ಹೇಳಬಹುದಿತ್ತು, ಸರ್ಕಾರ ತಪ್ಪು ಮಾಡಿತು ಎಂದು ಕಳಿಸಿದ್ದರು. ಪಕ್ಕದ ಮನೆಯಾಕೆ ದನಿ ತಗ್ಗಿಸಿ, "ಗಂಡಸರು ಮನೇಲಿ ಉಣ್ಣಲ್ಲ ಅಂದ್ರೆ ಸ್ವಲ್ಪ ಹುಷಾರಾಗಿರಬೇಕು ಕಣ್ರೀ" ಅಂದಿದ್ದಳು. ದೊಡ್ಡಮ್ಮ ಅದಕ್ಕೆ ಬಿದ್ದು ಬಿದ್ದು ನಕ್ಕು, "ಬುಡು, ಇವರ ಮಕ ನೋಡ್ಕೊಂಡು ಒಲೆ ಮುಂದೆ ಕೂತು ಯಾರವ್ವ ಮುದ್ದೆ ತಿರುವ್ತಾರೆ? ನಾನಾದ್ರೆ ನಮ್ಮಪ್ಪ ಕಟ್ಟಿದ ಅಂತ ತಿರುವ್ತಾ ಇದೀನಿ" ಅಂದಿದ್ದರು.

ಆ ದಿನದಿಂದ ನಮ್ಮ ಸಂಶೋಧನೆ ಶುರುವಾಯಿತು. ಭಾಷಣದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಾನು ಗೆರೆ ಎಳೆದು ಮನೆ ಮಾಡಿದೆ. ಮುದ್ದೆ, ಸಾರು, ಅನ್ನ, ಮಜ್ಜಿಗೆ. ಮಧ್ಯಾಹ್ನದ ಬಿಡುವಿನಲ್ಲಿ ಊಟಕ್ಕೆ ಬಂದಾಗ ಮೇಷ್ಟ್ರ ಎದುರಿಗೇ ಕೂತು, ತಲೆ ತಗ್ಗಿಸಿಕೊಂಡು ಅವರ ತಟ್ಟೆಯನ್ನು ಓದುತ್ತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ಪ್ರಯೋಗವನ್ನೂ ಮಾಡಿಲ್ಲ. ಒಂದು ದಿನ ಮೇಷ್ಟ್ರು, "ಏನಮ್ಮ, ನನ್ನ ತಟ್ಟೇಲಿ ಏನಾದ್ರೂ ಬಿದ್ದಿದೆಯಾ?" ಎಂದು ಕೇಳಿಯೇಬಿಟ್ಟರು. "ಇಲ್ಲ ಮೇಷ್ಟ್ರೇ, ಮುದ್ದೆ ಗುಂಡಗೆ ಬಂದಿದೆ ಅಂತ ನೋಡ್ತಿದ್ದೆ" ಅಂದೆ. ಅವರು ಮುದ್ದೆಯನ್ನು ತಿರುಗಿಸಿ ನೋಡಿ, ಹೌದು ಎಂದು ತಲೆಯಾಡಿಸಿದರು.

ಹತ್ತು ದಿನದ ಹಾಳೆಯನ್ನು ದೊಡ್ಡಮ್ಮನ ಮುಂದೆ ಹರಡಿದೆ. ಮುದ್ದೆ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಸಾರು ಕೂಡ ಹಾಗೇ. ಅನ್ನ ಮೊದಲಿನಷ್ಟೇ ಇತ್ತು. ಮಜ್ಜಿಗೆ ಮಾತ್ರ ಒಂದು ಲೋಟದಿಂದ ಮೂರಕ್ಕೆ ಏರಿತ್ತು.

"ಎಲ್ಲ ನಂಟೂ ಒಂದೇ ಸಮ ಇಳಿದಿದ್ರೆ ಒಂದು ಥರದ ಗುಟ್ಟು ದೊಡ್ಡಮ್ಮ. ಕೆಲವು ಇಳಿದು ಒಂದು ಏರಿದ್ರೆ ಬೇರೆ ಥರದ ಗುಟ್ಟು. ಯಾವುದು ಇಳೀತು, ಯಾವುದು ಏರಿತು ಅನ್ನೋದರಲ್ಲೇ ಬಚ್ಚಿಟ್ಟುಕೊಂಡಿರೋದು ಎಂಥದ್ದು ಅಂತ ಗೊತ್ತಾಗುತ್ತೆ" ಎಂದು ನಾನು ಪುಸ್ತಕದಲ್ಲಿದ್ದ ಮಾತನ್ನು ಹೇಳಿದೆ. ಅದರ ಮುಂದೆ ನನಗೆ ಏನೂ ಹೊಳೆಯಲಿಲ್ಲ.

ದೊಡ್ಡಮ್ಮನಿಗೆ ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು. ಅವರು ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಬಿಡಿಸಿದರು. "ಕಾಯಿಲೆ ಆಗಿದ್ರೆ ಅನ್ನನೂ ಸೇರ್ತಿರ್ಲಿಲ್ಲ. ಅಂಗಾರೆ ಕಾಯಿಲೆ ಅಲ್ಲ. ಓಟ್ಲಲ್ಲಿ ತಿಂದಿದ್ರೆ ದೋಸೆ ತಿಂದು ಬತ್ತಿದ್ರು, ಇಲ್ಲಿ ಅನ್ನ ಬ್ಯಾಡ ಅಂತಿದ್ರು. ಮುದ್ದೆನೇ ಬ್ಯಾಡ ಅಂದ್ರೆ ಎಲ್ಲೋ ಮುದ್ದೆನೇ ಉಂಡು ಬತ್ತಾವ್ರೆ." ಆಮೇಲೆ ಬೆರಳು ಮಜ್ಜಿಗೆಯ ಮನೆಗೆ ಬಂತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. "ಮೂರು ಲೋಟ... ಅಲ್ಲಿ ಖಾರ ಜಾಸ್ತಿ. ಹೊಟ್ಟೆ ಉರೀತದೆ."

ಅವರು ಹಾಳೆಯಿಂದ ಬೆರಳು ತೆಗೆದರು.

"ಈ ಊರಲ್ಲಿ ಹೊಟ್ಟೆ ಉರಿಯೋ ಅಷ್ಟು ಖಾರ ಅರೆಯೋನು ಒಬ್ಬನೇ ಕಣವ್ವ. ನಾನು ಮದುವೆ ಆಗಿ ಬಂದ ವರ್ಷ ತೋಟದಲ್ಲಿ ಕೆಲಸ ನಡೆದಾಗ ಬಸ್ಸಾರು ಮಾಡಿದ್ರು. ಮೂರು ದಿನ ನನ್ನ ನಾಲಗೆ ನಂದಾಗಿರ್ಲಿಲ್ಲ. ನಮ್ಮ ಭಾವ!"

ಶನಿವಾರ ನನಗೆ ಅರ್ಧ ದಿನ. ಹನ್ನೆರಡು ದಾಟಿದ ಹೊತ್ತಿಗೆ ನಾವಿಬ್ಬರೂ ತೋಟದ ದಾರಿ ಹಿಡಿದೆವು. ದೊಡ್ಡಮ್ಮ ಸೆರಗಿನಡಿಯಲ್ಲಿ ಏನೋ ಇಟ್ಟುಕೊಂಡಿದ್ದರು. ಕೇಳಿದರೆ ಹೇಳಲಿಲ್ಲ. ನನಗೋ ಒಳಗೊಳಗೇ ಹಿಗ್ಗು. ನಮ್ಮ ಊಹೆ ಸರಿಯಾದರೆ ಒಂದು ಸಿದ್ಧಾಂತ ನನ್ನ ಕಣ್ಣ ಮುಂದೆಯೇ ಗೆಲ್ಲುವುದಿತ್ತು. ಸುಳ್ಳಾದರೆ ಮೇಷ್ಟ್ರಿಗೆ ಏನು ಹೇಳುವುದು ಎಂದು ಮಾತ್ರ ಇಬ್ಬರೂ ಯೋಚಿಸಿರಲಿಲ್ಲ.

ಮೇಷ್ಟ್ರ ತೋಟದಲ್ಲಿ ಯಾರೂ ಇರಲಿಲ್ಲ. ಬೇಲಿಯಾಚೆ, ಅಣ್ಣನ ತೋಟದ ಪಂಪಿನ ಮನೆಯ ಹಿಂದಿನಿಂದ ತೆಂಗಿನ ಮಟ್ಟೆ ಉರಿಯುವ ಹೊಗೆ ಏಳುತ್ತಿತ್ತು. ಜೊತೆಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದ ಘಾಟು. ನನಗೆ ಅಲ್ಲಿಂದಲೇ ಸೀನು ಬಂತು. ಅದುಮಿಕೊಂಡೆ. ದೊಡ್ಡಮ್ಮ ಸೀರೆಯನ್ನು ಎತ್ತಿ ಕಟ್ಟಿ, ಐವತ್ತೈದರ ವಯಸ್ಸಿನಲ್ಲಿ ಬೇಲಿಯ ಸಂದಿನಲ್ಲಿ ತೂರಿದರು. ಅಲ್ಲಿ ಸಂದು ಚೆನ್ನಾಗಿ ಸವೆದು ನುಣುಪಾಗಿತ್ತು. ದಿನಾ ಯಾರೋ ಓಡಾಡುತ್ತಿದ್ದರೆಂದು ಹೇಳಲು ಸಂಶೋಧನೆ ಬೇಕಿರಲಿಲ್ಲ.

ಪಂಪಿನ ಮನೆಯ ನೆರಳಲ್ಲಿ ಹೆಣೆದ ಗರಿಯ ಮೇಲೆ ಅಣ್ಣತಮ್ಮಂದಿರು ಎದುರುಬದುರು ಕೂತಿದ್ದರು. ನಡುವೆ ಸಾರಿನ ಮಡಕೆ. ಮೇಷ್ಟ್ರ ಬಾಯಲ್ಲಿ ತುತ್ತು. ಕಣ್ಣು ಮೂಗು ಎರಡರಲ್ಲೂ ನೀರು. ಕಿವಿ ಕೆಂಪಗೆ ಕಾದಿದ್ದವು. ನಮ್ಮನ್ನು ಕಂಡವರೇ ಅವರು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅರವತ್ತು ದಾಟಿದ ಅಣ್ಣ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಒಂದು ಗರಿ ಎಳೆದು ಮಡಕೆಯ ಮೇಲೆ ಮುಚ್ಚಿದರು.

ದೊಡ್ಡಮ್ಮ ಸೆರಗಿನಡಿಯಿಂದ ತೆಗೆದದ್ದು ತಮ್ಮದೇ ಊಟದ ತಟ್ಟೆ. ಅದನ್ನು ಗರಿಯ ಮೇಲಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತರು.

"ಮುಚ್ಚಬ್ಯಾಡಿ ಭಾವ. ನನಗೂ ಒಂದು ಮುದ್ದೆ ಹಾಕಿ."

ಹನ್ನೊಂದು ವರ್ಷದಲ್ಲಿ ಅವರು ಭಾವನೊಂದಿಗೆ ಆಡಿದ ಮೊದಲ ಮಾತು ಅದು. ಅಣ್ಣ ಮಡಕೆಯ ಮೇಲಿನ ಗರಿ ತೆಗೆದರು. "ಬಾರಮ್ಮ... ಬಂದ್ಯಾ... ಸಾರು ಒಂದಿಷ್ಟು ಖಾರ ಆಗದೆ ಕಣಮ್ಮ" ಎಂದರು.

"ಗೊತ್ತು" ಅಂದರು ದೊಡ್ಡಮ್ಮ. "ಅದರಿಂದ್ಲೇ ಸಿಕ್ಕಾಕ್ಕೊಂಡಿದ್ದು ನೀವು."

ಆಮೇಲೆ ವಿಷಯ ಹೊರಬಂತು. ದಸರಾ ಮುಗಿದ ವಾರ ಅಣ್ಣ ನೀರಿನ ಕಾಲುವೆಯಲ್ಲಿ ಕಾಲು ಜಾರಿ ಬಿದ್ದು ಹರಡು ಉಳುಕಿಸಿಕೊಂಡಿದ್ದರು. ಸುತ್ತ ಯಾರೂ ಇರಲಿಲ್ಲ. ಬೇಲಿಯಾಚೆ ಮೇಷ್ಟ್ರು ಇದ್ದರು. ಕೂಗಬೇಕೆಂದರೆ ತಮ್ಮನ ಹೆಸರು ಬಾಯಿಗೆ ಬರಲಿಲ್ಲವಂತೆ. "ಯಾರ್ರೀ ಅಲ್ಲಿ, ಮೇಷ್ಟ್ರೇ" ಎಂದು ಕೂಗಿದರಂತೆ. ಮೇಷ್ಟ್ರು ಹೋಗಿ ಎತ್ತಿ ಕೂರಿಸಿ ಕಾಲಿಗೆ ಬಟ್ಟೆ ಕಟ್ಟಿದರು. ಸೊಸೆಯ ಸಾರು ಸಪ್ಪೆ ಎಂದು ಅಣ್ಣ ಮಧ್ಯಾಹ್ನ ತೋಟದಲ್ಲೇ ಬೇಯಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಒಲೆಯ ಮೇಲೆ ಮುದ್ದೆ ಹದಕ್ಕೆ ಬಂದಿತ್ತು. ಅಣ್ಣನಿಗೆ ಎದ್ದು ತಿರುವಲು ಆಗುತ್ತಿರಲಿಲ್ಲ. ಮೇಷ್ಟ್ರು ತಿರುವಿದರು. ತಿರುವಿದ ಮೇಲೆ ಒಬ್ಬರೇ ಹೇಗೆ ಉಣ್ಣುವುದು? ಮಾರನೆಯ ದಿನ ಕಾಲು ಹೇಗಿದೆ ಎಂದು ನೋಡಲು ಹೋದರು. ಅದರ ಮಾರನೆಯ ದಿನ ಸುಮ್ಮನೆ ಹೋದರು.

"ಮನೇಲಿ ಹೇಳಕ್ಕೇನಾಗಿತ್ತು?" ಎಂದರು ದೊಡ್ಡಮ್ಮ.

ಮೇಷ್ಟ್ರು ಕೊನೆಗೂ ಬಾಯಲ್ಲಿದ್ದುದನ್ನು ನುಂಗಿದರು. "ನಿನಗೆ ಹೆದರಿಕೊಂಡೆ ಕಣೇ. ನಾನೇ ನಿನ್ನನ್ನ ಈ ಕಡೆ ಕಾಲಿಡಬೇಡ ಅಂದಿದ್ದೆ. ನಾನೇ ಬಂದು ಕೂತಿದ್ದೀನಿ ಅಂತ ಹೆಂಗೆ ಹೇಳಲಿ?"

ದೊಡ್ಡಮ್ಮ ಒಂದು ಮುದ್ದೆ ಪೂರ್ತಿ ಉಂಡರು. ಕಣ್ಣಲ್ಲಿ ಧಾರಾಕಾರ ನೀರು ಸುರಿಯುತ್ತಿತ್ತು. ಖಾರಕ್ಕೋ ಬೇರೆಯದಕ್ಕೋ ಹೇಳುವ ಹಾಗಿರಲಿಲ್ಲ. ನನಗೂ ಒಂದು ಮುದ್ದೆ ಸಿಕ್ಕಿತು. ಎರಡನೆಯ ತುತ್ತಿಗೆ ನನ್ನ ಕಿವಿಯೊಳಗೆ ರೈಲು ಕೂಗಿತು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ದೊಡ್ಡಮ್ಮ ಅಂದರು: "ಐದು ವರ್ಷದ ಹಿಂದೆ ನಮ್ಮಕ್ಕ ತೀರ್ಕೊಂಡಾಗ ನಾನು ಬೀದಿ ತುದೀಲಿ ನಿಂತಿದ್ದೆ ಕಣವ್ವ, ಒಳಕ್ಕೆ ಹೋಗಲಿಲ್ಲ. ಇವರು ಹೋಗಬ್ಯಾಡ ಅಂದಿದ್ರಲ್ಲ." ಅಕ್ಕ ಎಂದರೆ ಅವರ ಓರಗಿತ್ತಿ, ಭಾವನ ಹೆಂಡತಿ. ನನ್ನ ಹಿಗ್ಗು ಅಲ್ಲೇ ಇಳಿಯಿತು. ಸಿದ್ಧಾಂತ ಗೆದ್ದದ್ದನ್ನು ಆ ದಾರಿಯಲ್ಲಿ ನಾನು ಮತ್ತೆ ಎತ್ತಲಿಲ್ಲ.

ಆದರೆ ಆ ಅಣ್ಣತಮ್ಮಂದಿರು ಜಗಳವನ್ನು ಊರ ಮುಂದೆ ಬಿಡಲು ಒಪ್ಪಲಿಲ್ಲ. ರಾಜಿಯಾಯಿತೆಂದು ಗೊತ್ತಾದರೆ ಆ ನಾಲ್ಕು ಜನ ಹಿರಿಯರು, ನಾವು ಆಗಲೇ ಹೇಳಿರಲಿಲ್ಲವಾ ಎಂದು ಮನೆಗೆ ಬಂದು ಕೂರುತ್ತಾರೆ, ಅದನ್ನು ಈ ವಯಸ್ಸಿನಲ್ಲಿ ತಡೆದುಕೊಳ್ಳಲಾರೆವು ಎಂದರು. ಪೇಟೆಯಲ್ಲಿ ಎದುರಾದರೆ ಇಬ್ಬರೂ ಮೊದಲಿಗಿಂತ ಜೋರಾಗಿ ಕ್ಯಾಕರಿಸಿ ಮುಖ ತಿರುಗಿಸುತ್ತಿದ್ದರು. ಒಮ್ಮೆ ಕೊಬ್ಬರಿ ಮಂಡಿಯ ಮುಂದೆ ಮೇಷ್ಟ್ರು ಹಾಗೆ ಮುಖ ತಿರುಗಿಸಿ ಬಂದು, ನನ್ನನ್ನು ಕಂಡು ಕಣ್ಣು ಮಿಟುಕಿಸಿದರು. ಇಡೀ ಊರಲ್ಲಿ ಆ ಗುಟ್ಟು ಗೊತ್ತಿದ್ದವರು ನಾವು ನಾಲ್ವರೇ. ಯಾರಿಗೂ ಹೇಳಲ್ಲ ಎಂದು ನಾನು ದೊಡ್ಡಮ್ಮನ ಕೈ ಮುಟ್ಟಿ ಹೇಳಿದ್ದೆ.

ತುಮಕೂರಿನಲ್ಲಿ ಭಾಷಣದ ದಿನ ಬಂತು. ನಲವತ್ತು ಜನ ಅಧ್ಯಾಪಕರು. ನಾನು ಬೋರ್ಡಿನ ಮೇಲೆ ಸಮೀಕರಣ ಬರೆದೆ. ತೂಕಕ್ಕೆ ತಕ್ಕ ನಂಟು ಎಂದೆ. ಎರಡು ಹಿಗ್ಸ್‌ಗಳಿದ್ದರೆ ಒಂದರ ಪಾಲು ಕುಗ್ಗಿ ಇನ್ನೊಂದರಲ್ಲಿ ಸೇರುತ್ತದೆ ಎಂದೆ. ಮೊದಲ ಸಾಲಿನಲ್ಲಿ ಒಬ್ಬರು ಆಕಳಿಸಿದರು. ಆ ಆಕಳಿಕೆ ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಗುವುದನ್ನು ನಾನು ನಿಂತು ನೋಡಿದೆ. ಗಾಬರಿಯಾಯಿತು. ನಾಲಗೆ ತನ್ನಷ್ಟಕ್ಕೆ ತಾನೇ, "ಒಂದು ಊರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದರು ಅಂತ ಇಟ್ಟುಕೊಳ್ಳಿ" ಎಂದಿತು.

ಆಮೇಲೆ ಯಾರೂ ಆಕಳಿಸಲಿಲ್ಲ. ಮುದ್ದೆ ಇಳಿದದ್ದು, ಅನ್ನ ನಿಂತದ್ದು, ಮಜ್ಜಿಗೆ ಏರಿದ್ದು, ಹೆಂಡತಿ ಬೆರಳಿಟ್ಟು ಬಿಡಿಸಿದ್ದು, ಬೇಲಿಯಾಚೆಯ ಅಣ್ಣ ಸಿಕ್ಕಿದ್ದು ಎಲ್ಲವನ್ನೂ ಹೇಳಿದೆ. ಊರಿನ ಹೆಸರು ಹೇಳಲಿಲ್ಲ. ಮೂರು ಮುದ್ದೆ ಅಂದರೆ ಗುರುತು ಸಿಗಬಹುದೆಂದು ಎರಡು ಎಂದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಚಪ್ಪಾಳೆ ಜೋರಾಗಿ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವರು ಹಿಂದಿನ ಬೆಂಚಿನಲ್ಲಿದ್ದ ನಮ್ಮದೇ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರು. ಬೇರೆ ಕೆಲಸಕ್ಕೆಂದು ತುಮಕೂರಿಗೆ ಬಂದವರು, ನನ್ನ ಭಾಷಣ ಕೇಳಲು ಪ್ರೀತಿಯಿಂದ ಒಳಗೆ ಬಂದು ಕೂತಿದ್ದರು. ಅವರ ಮನೆ ಮೇಷ್ಟ್ರ ಅಣ್ಣನ ಬೀದಿಯಲ್ಲೇ ಇತ್ತು.

ಸಂಜೆಯ ರೈಲಿನಲ್ಲಿ ಅವರೂ ನಾನೂ ಒಂದೇ ಡಬ್ಬಿ. ಗುಬ್ಬಿ ದಾಟುವವರೆಗೆ ಅವರು ಕಿಟಕಿಯಾಚೆ ನೋಡುತ್ತಾ ನಗುತ್ತಿದ್ದರು. ಆಮೇಲೆ, "ಬೇಲಿ ಮೇಲೆ ಒಂದು ವಾಲಿದ ಮರ ಇರಬೇಕಲ್ಲಾ ಆ ತೋಟದಲ್ಲಿ?" ಎಂದರು. ನಾನು ಇಲ್ಲ ಎಂದೆ. ಎನ್ನುವಾಗ ಕಣ್ಣು ಬೇರೆಡೆ ಹೋಯಿತು. ಅಷ್ಟು ಸಾಕಾಯಿತು. ಅಮ್ಮಸಂದ್ರದಲ್ಲಿ ಸಿಮೆಂಟಿನ ಕಾರ್ಖಾನೆಯ ಇಬ್ಬರು ಹತ್ತಿದರು. ಇಬ್ಬರೂ ತಿಪಟೂರಿನವರು. ಅವರಲ್ಲೊಬ್ಬ ಆ ನಾಲ್ಕು ಹಿರಿಯರಲ್ಲಿ ಒಬ್ಬರ ಅಳಿಯ. ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಕೂತೆ. ನನ್ನ ಪಕ್ಕದಲ್ಲಿ ಹಿಗ್ಸ್ ಕಣದ ವಿಚಿತ್ರ ನಂಟು ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಹರಡುತ್ತಾ ಹೋಯಿತು.

ಮಾರನೆಯ ದಿನ ಹಿರಿಯರು ಬಂದರು. ನಾಲ್ವರೂ ಬಂದರು. ಒಬ್ಬೊಬ್ಬರೂ ತಾವು ಹೇಳಿದ ಬುದ್ಧಿಮಾತಿನಿಂದಲೇ ಇದಾದದ್ದೆಂದು ಇನ್ನೊಬ್ಬರೊಡನೆ ವಾದಕ್ಕೆ ಬಿದ್ದರು. ಅವರನ್ನು ರಾಜಿ ಮಾಡಿಸಲು ಮೇಷ್ಟ್ರು ಅಣ್ಣನಿಗೆ ಹೇಳಿ ಕಳಿಸಬೇಕಾಯಿತು. ಹನ್ನೊಂದು ವರ್ಷದ ಮೇಲೆ ಅಣ್ಣ ಆ ಮನೆಯ ಹೊಸ್ತಿಲು ದಾಟಿದ್ದು ಹಾಗೆ.

ನನ್ನ ಜೊತೆ ಮೇಷ್ಟ್ರು ಎರಡು ದಿನ ಮಾತಾಡಲಿಲ್ಲ. ನಾನು ಬೇರೆ ಮನೆ ನೋಡಿಕೊಳ್ಳಬೇಕೇನೋ ಎಂದು ಟ್ರಂಕಿನ ಕಡೆ ನೋಡತೊಡಗಿದ್ದೆ. ಮೂರನೆಯ ದಿನ ಕರೆದು ಎದುರಿಗೆ ಕೂರಿಸಿಕೊಂಡರು. ಹಾಜರಿ ಕೂಗುವ ದನಿಯಲ್ಲಿ ಕೇಳಿದರು: "ಭಾಷಣದಲ್ಲಿ ನನಗೆ ಎಷ್ಟು ಮುದ್ದೆ ಅಂತ ಹೇಳಿದೆ?"

"ಎರಡು ಮೇಷ್ಟ್ರೇ."

"ಎರಡು!" ಅವರು ನಿಜವಾಗಿಯೂ ನೊಂದಿದ್ದರು. "ವಿಜ್ಞಾನ ಹೇಳೋಳು ನೀನು. ಅಂಕಿ ಸರಿಯಾಗಿ ಹೇಳಬೇಕಮ್ಮ. ಎರಡು ಮುದ್ದೆ ತಿನ್ನೋನು ಅಂತ ಜಿಲ್ಲೆಗೆಲ್ಲ ಸಾರಿ ಬಂದಿದ್ದೀಯಲ್ಲ, ಇನ್ನು ತುಮಕೂರಲ್ಲಿ ನನ್ನ ಮಾತಿಗೆ ಬೆಲೆ ಉಂಟಾ?"

ಒಳಗೆ ದೊಡ್ಡಮ್ಮ ನಗುವುದು ಕೇಳಿಸಿತು.

ಮುಂದಿನ ಭಾನುವಾರ ದೊಡ್ಡಮ್ಮ ಒಂದು ಒಳ್ಳೆಯ ಸೀರೆ ಉಟ್ಟು, "ಬಾರವ್ವ, ಒಬ್ಬಳೇ ಹೋಗಕ್ಕೆ ಒಂಥರಾ ಆಗ್ತದೆ" ಎಂದು ನನ್ನನ್ನು ಕರೆದುಕೊಂಡು ಭಾವನ ಬೀದಿಗೆ ಹೊರಟರು. ಬೀದಿಯ ತುದಿಯಲ್ಲಿ ಒಂದು ಗಳಿಗೆ ನಿಂತರು. ನಾನೂ ನಿಂತೆ. ಆಮೇಲೆ ನಡೆದೆವು.

ಆ ಮನೆಯ ಸೊಸೆ ಬಾಗಿಲ ಮುಂದೆ ನೀರು ಹಾಕುತ್ತಿದ್ದಳು. ಜಗಳ ಶುರುವಾದ ಮೇಲೆ ಆ ಮನೆಗೆ ಬಂದವಳು ಅವಳು. ಅಂಗಡಿಯಲ್ಲೋ ನಲ್ಲಿಯ ಹತ್ತಿರವೋ ದೊಡ್ಡಮ್ಮ ಎದುರಾದರೆ ಏನು ಮಾಡಬೇಕೆಂದು ಅವಳಿಗೆ ಮದುವೆಯಾದ ಹೊಸತರಲ್ಲೇ ಹೇಳಿಕೊಟ್ಟಿದ್ದರು. ನಮ್ಮನ್ನು ಕಂಡವಳೇ, ರೂಢಿಯಂತೆ, ಥಟ್ಟನೆ ಮುಖವನ್ನು ಆಚೆ ತಿರುಗಿಸಿದಳು. ತಿರುಗಿಸಿದ ಮೇಲೆ ಏನೋ ನೆನಪಾಗಿ ಕೈಯಲ್ಲಿದ್ದ ಬಿಂದಿಗೆಯ ಸಮೇತ ಹಾಗೇ ನಿಂತಳು. ಅವಳ ಕುತ್ತಿಗೆ ಕೆಂಪಾಗುವುದು ನಮಗೆ ಹಿಂದಿನಿಂದ ಕಾಣುತ್ತಿತ್ತು.

"ತಿರುಗವ್ವ ಈ ಕಡಿಕೆ, ಪರವಾಗಿಲ್ಲ" ಎಂದರು ದೊಡ್ಡಮ್ಮ. "ನಾನೂ ನಿನ್ನ ಮಕ ಸರಿಯಾಗಿ ನೋಡೇ ಇಲ್ಲ."